ಗುಡ್ಡ, ಹೊಂಡ, ಎರಿ ಹೊಲ: ರೋಣ ಸೀಮೆಯ ಸುತ್ತಾಟ ಕುರಿತ ಪ್ರಶ್ನೋತ್ತರ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಗದಗಿನ ಕಡೆಯಿಂದ ಹೋಗುವವರು ರೋಣ ಸೀಮೆಯನ್ನು ಹಾಯ್ದೇ ಹೋಗುತ್ತಾರೆ. ಇಳಿದು ನಿಲ್ಲುವವರು ಕಡಿಮೆ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಬಿಡುವಿನ ದಿನ ಎಲ್ಲಿ ಅಡ್ಡಾಡಬಹುದು, ಏನು ನೋಡಬಹುದು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳು ಇದೇ ಸೀಮೆಯವರಿಂದ ಬಂದಿರುವುದು ನನಗೆ ಸಂತೋಷದ ಸಂಗತಿ. ಹೊರಗಿನವರು ಬರುವ ಮೊದಲು ಊರವರು ತಮ್ಮ ಗುಡ್ಡ ಹತ್ತಬೇಕು, ತಮ್ಮ ಹೊಂಡದ ಮೆಟ್ಟಿಲ ಮೇಲೆ ಕೂರಬೇಕು. ಊರವರು ಓಡಾಡುವ ಜಾಗ ಸುಲಭಕ್ಕೆ ಹಾಳು ಬೀಳುವುದಿಲ್ಲ.

ನನ್ನ ತವರು ರೋಣ. ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ರಜೆಗೆ ಮಕ್ಕಳನ್ನು ಕರೆತಂದರೆ ಎರಡನೇ ದಿನಕ್ಕೇ “ಅಮ್ಮಾ, ಇಲ್ಲಿ ಏನೂ ಇಲ್ಲ” ಅನ್ನುತ್ತಾರೆ. ಬಾದಾಮಿ ತೋರಿಸಿ ಆಯಿತು. ಇನ್ನೇನು ತೋರಿಸಲಿ?
— ಗೃಹಿಣಿ, ಬೆಂಗಳೂರು

ಮೊದಲು ರೋಣವನ್ನೇ ತೋರಿಸಿ, ತಂಗಿ. ತವರಿನವರು ದಿನಾ ಹಾಯುವ ಓಣಿಗಳಲ್ಲೇ ಅನಂತಶಯನ ಗುಡಿ, ಕಾಳಗುಡಿ, ಲೋಕನಾಥ ಮತ್ತು ಮಲ್ಲಿಕಾರ್ಜುನ ಗುಡಿಗಳು, ಪಾರ್ಶ್ವನಾಥ ಬಸದಿ ಇವೆ. ಊರಿನ ಹಳೆಯ ಹೆಸರು ದ್ರೋಣಪುರ ಎಂದು ಹೇಳುತ್ತಾರೆ. ಇವೆಲ್ಲ ಬಾದಾಮಿಯ ಗುಹೆಗಳಂತೆ ದೂರದಿಂದಲೇ ಕಣ್ಣು ಸೆಳೆಯುವ ಕಟ್ಟಡಗಳಲ್ಲ. ಮನೆಗಳ ನಡುವೆ ಇರುವುದರಿಂದ ಹುಡುಕಿಕೊಂಡು ಹೋಗಬೇಕು. ಮಕ್ಕಳಿಗೆ ಆ ಹುಡುಕಾಟವೇ ಆಟ. ಅಜ್ಜನನ್ನೋ ಸೋದರಮಾವನನ್ನೋ ಜೊತೆಗೆ ಕಳಿಸಿ, ಬೆಳಗಿನ ಹೊತ್ತು ಕಾಲ್ನಡಿಗೆಯಲ್ಲಿ ಸುತ್ತಿ ಬರಲಿ. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದನ್ನೂ ಹೇಳಿ. ಗುರುವನ್ನು ಅರಸಿ ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು ರೈಲು ಹತ್ತಿದ ಹುಡುಗ ಮುಂದೆ ಭಾರತರತ್ನ ಪಡೆದ ಕಥೆಯನ್ನು ನಿಮ್ಮ ಮಕ್ಕಳ ವಯಸ್ಸಿನವರು ಕಿವಿಗೊಟ್ಟು ಕೇಳುತ್ತಾರೆ.

ಮರುದಿನ ಸೂಡಿಗೆ ಹೋಗಿ. ರೋಣದಿಂದ ಗಜೇಂದ್ರಗಡದ ಕಡೆ ಹೊರಟರೆ ಹೆಚ್ಚು ದೂರವಿಲ್ಲ. ಈ ಸೀಮೆಯಲ್ಲಿ ಒಂದೇ ಒಂದು ಊರು ನೋಡಲು ಸಮಯವಿದೆ ಅನ್ನುವವರಿಗೆ ನಾನು ಹೇಳುವ ಹೆಸರು ಇದೇ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು-70 ಎಂಬ ನಾಡಿನ ಮುಖ್ಯ ಪಟ್ಟಣ ಇದಾಗಿತ್ತು. ಆ ನಾಡನ್ನು ಆಳಿದವಳು ಅಕ್ಕಾದೇವಿ, ಚಕ್ರವರ್ತಿ ಇಮ್ಮಡಿ ಜಯಸಿಂಹನ ಅಕ್ಕ. ಶಾಸನಗಳು ಅವಳನ್ನು ರಣಭೈರವಿ ಎಂದು ಕರೆಯುತ್ತವೆ. ಗೋಕಾವಿ, ಅಂದರೆ ಇಂದಿನ ಗೋಕಾಕದ ಕೋಟೆಗೆ ಆಕೆ ಮುತ್ತಿಗೆ ಹಾಕಿದ್ದಳು. ನಿಮ್ಮ ಮಗಳಿದ್ದರೆ ಈ ಮಾತನ್ನು ಸೂಡಿಯಲ್ಲೇ ನಿಂತು ಹೇಳಿ.

ಅಲ್ಲಿ ಜೋಡು ಕಳಸದ ಗುಡಿ ಇದೆ. ಒಂದೇ ಕಟ್ಟಡಕ್ಕೆ ಎರಡು ಗರ್ಭಗುಡಿ, ಎರಡು ಶಿಖರ, ನಡುವೆ ಕಂಬಗಳ ಮಂಟಪ. 11ನೇ ಶತಮಾನದಲ್ಲಿ ನಾಗದೇವನೆಂಬ ದಂಡನಾಯಕ ಕಟ್ಟಿಸಿದ್ದು. ಮಲ್ಲಿಕಾರ್ಜುನ ಗುಡಿ ಇದೆ, ಕಲ್ಲಿನ ದೊಡ್ಡ ಗಣಪತಿ ಇದ್ದಾನೆ. ಆದರೆ ಮಕ್ಕಳು ಕದಲದೆ ನಿಲ್ಲುವುದು ನಾಗಕುಂಡದ ಮುಂದೆ. ಕಲ್ಲಿನಲ್ಲಿ ಕಟ್ಟಿದ ಮೆಟ್ಟಿಲ ಹೊಂಡ ಅದು. ಮೇಲೆ ನಿಂತು ನೋಡಿದಾಗ ಬರೀ ಮೆಟ್ಟಿಲು ಕಾಣುತ್ತವೆ. ನಾಲ್ಕು ಮೆಟ್ಟಿಲು ಇಳಿದು ತಿರುಗಿ ನೋಡಿದರೆ ಒಳಗೋಡೆಗಳೆಲ್ಲ ಗುಡಿಯ ಹೊರಗೋಡೆಯ ಹಾಗೆ ಕೆತ್ತನೆ ತುಂಬಿಕೊಂಡಿವೆ. ಗುಡಿಗೆ ಇಟ್ಟಷ್ಟೇ ಶ್ರದ್ಧೆಯನ್ನು ಆ ಕಲ್ಲುಕುಟಿಗರು ಕುಡಿಯುವ ನೀರಿಗೂ ಇಟ್ಟಿದ್ದರು. ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಗೋಡೆಯ ಒಂದು ಗೂಡನ್ನು ಬಿಡಿಸಲು ಹೇಳಿ. ಅರ್ಧ ತಾಸು ಫೋನು ನೆನಪಾಗುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ ಮೆಟ್ಟಿಲು ಜಾರುತ್ತವೆ. ಚಿಕ್ಕವರ ಕೈ ಬಿಡಬೇಡಿ.

ಸೂಡಿಗೆ ಇನ್ನೊಂದು ಹೆಮ್ಮೆ ಇದೆ. ಚಾಲುಕ್ಯರ ಕಾಲದ ಬಂಗಾರದ ನಾಣ್ಯಗಳನ್ನು ಲಕ್ಕುಂಡಿಯಲ್ಲಿ ಟಂಕಿಸುತ್ತಿದ್ದ ಹಾಗೆ ಸೂಡಿಯಲ್ಲೂ ಟಂಕಸಾಲೆ ಇತ್ತು. ಇಂದು ಹಳ್ಳಿಯಾಗಿರುವ ಊರು ಒಂದು ಕಾಲಕ್ಕೆ ರಾಜ್ಯಕ್ಕೆ ಹಣ ಅಚ್ಚು ಹಾಕಿದೆ ಎಂದು ತಿಳಿದ ಮೇಲೆ ಮಕ್ಕಳು ಆ ಮಣ್ಣನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ನನಗೆ 66 ವರ್ಷ, ಮೊಣಕಾಲು ನೋವು. ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನ ಆಗಬೇಕೆಂಬ ಆಸೆ ಇದೆ. ಮೆಟ್ಟಿಲು ಹತ್ತಲು ಆದೀತೇ? ಕೋಟೆಯನ್ನೂ ನೋಡಬಹುದೇ?
— ನಿವೃತ್ತ ನೌಕರ, ಹುಬ್ಬಳ್ಳಿ

ಕಾಲಕಾಲೇಶ್ವರ ಗುಡ್ಡದ ಮೈಗೆ ಅಂಟಿಕೊಂಡೇ ಇದ್ದಾನೆ, ಮೆಟ್ಟಿಲು ಹತ್ತದೆ ವಿಧಿಯಿಲ್ಲ. ಆದರೆ ಅವಸರ ಮಾಡದಿದ್ದರೆ ನಿಮ್ಮ ವಯಸ್ಸಿನವರು ದಿನಾ ಹತ್ತುತ್ತಾರೆ. ಬಿಸಿಲೇರುವ ಮೊದಲು, ಅಂದರೆ ಎಂಟು ಗಂಟೆಯ ಒಳಗೆ ಹತ್ತಿ ಮುಗಿಸಿ. ಬರಿಗಾಲಲ್ಲಿ ನಡೆಯುವ ರೂಢಿ ತಪ್ಪಿದ್ದರೆ ಮಧ್ಯಾಹ್ನದ ಕಲ್ಲು ಅಂಗಾಲನ್ನು ಸುಡುತ್ತದೆ. ಇಳಿಯುವಾಗ ಮೊಣಕಾಲಿಗೆ ಹತ್ತುವುದಕ್ಕಿಂತ ಹೆಚ್ಚು ಭಾರ ಬೀಳುವುದರಿಂದ ಒಂದು ಕೋಲು ಇರಲಿ. ವೈದ್ಯರು ಮೆಟ್ಟಿಲು ಬೇಡ ಎಂದಿದ್ದರೆ ಕೆಳಗಿನಿಂದಲೇ ಕೈಮುಗಿಯಿರಿ. ಭಕ್ತಿಗೆ ಅದೇನೂ ಕೊರತೆಯಲ್ಲ.

ದಕ್ಷಿಣ ಕಾಶಿ ಎಂದು ಭಕ್ತರು ಕರೆಯುವ ಈ ಕ್ಷೇತ್ರದಲ್ಲಿ ಲಿಂಗ ಉದ್ಭವಲಿಂಗ ಎಂಬ ನಂಬಿಕೆ. ಗುಡಿಯಷ್ಟೇ ಹೆಸರಾದದ್ದು ಅಲ್ಲಿನ ಅಂತರಗಂಗೆ. ಬಂಡೆಯ ಮೇಲಿನ ಮರದ ಬೇರುಗಳ ನಡುವಿನಿಂದ ಹೊಂಡಕ್ಕೆ ನೀರು ಒಸರುತ್ತದೆ. ಸುತ್ತಲ ಎರಿ ಹೊಲಗಳು ಬಿರುಕು ಬಿಟ್ಟು ಬಾಯ್ದೆರೆದ ಏಪ್ರಿಲ್‌ನಲ್ಲೂ ಅಲ್ಲಿ ತಂಪು ಇರುತ್ತದೆ. ಗುಡ್ಡದ ನೆತ್ತಿಗೆ ಬಿದ್ದ ಮಳೆ ಬಂಡೆಯ ಸೀಳುಗಳಲ್ಲಿ ಇಂಗಿ, ನಿಧಾನವಾಗಿ ಕೆಳಗಿಳಿದು, ಸಂದು ಸಿಕ್ಕ ಕಡೆ ಹೊರಬರುತ್ತದೆ. ಆದ್ದರಿಂದಲೇ ಗುಡ್ಡದ ಮೇಲಿನ ಗಿಡಗಂಟಿ, ಹುಲ್ಲು ಉಳಿಯಬೇಕು. ಮೇಲೆ ಬೆಂಕಿ ಹಚ್ಚಿದವರು ಕೆಳಗಿನ ಗಂಗೆಯನ್ನೇ ಬತ್ತಿಸುತ್ತಾರೆ.

ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣ ಕಲಸಿಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಅದು ತಾನಾಗಿ ಬಳಿದಿರುತ್ತದೆ ಎಂಬ ನಂಬಿಕೆಯೂ ಇಲ್ಲಿಯದು. ಆ ಬೆಳಗನ್ನು ಕಾಣಲೆಂದೇ ಬರುವ ಭಕ್ತರಿದ್ದಾರೆ. ಚೈತ್ರದ ಜಾತ್ರೆಯಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ನಿಮಗೆ ಬೇರೆ ದಿನವೇ ಒಳ್ಳೆಯದು.

ಕೋಟೆಯ ವಿಷಯ ಬೇರೆ. ಅದು ಊರಿನ ಮಗ್ಗುಲ ಗುಡ್ಡದ ಮೇಲಿದೆ, ಏರು ದೊಡ್ಡದು. ಗುಡಿಯನ್ನೂ ಕೋಟೆಯನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಮರಾಠರ ಕಾಲದ ಈ ಕೋಟೆ ಘೋರ್ಪಡೆ ಮನೆತನದ ಕೈಯಲ್ಲಿತ್ತು. ಮೇಲೆ ನೀರಿನ ಹೊಂಡಗಳಿವೆ, ಮುರಿದ ಗೋಡೆ, ಬಾಗಿಲುಗಳಿವೆ. ಈಗ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. 1785ರಿಂದ 1787ರವರೆಗೆ ಟಿಪ್ಪು ಸುಲ್ತಾನನಿಗೂ ಮರಾಠ-ನಿಜಾಮರ ಕೂಟಕ್ಕೂ ನಡೆದ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಆ ಯುದ್ಧಕ್ಕೆ ಕಿಡಿ ಹೊತ್ತಿದ್ದೂ ಇದೇ ಸೀಮೆಯಲ್ಲಿ. ಹೆಚ್ಚಿನ ಕಪ್ಪ ಕೇಳಿದ ಟಿಪ್ಪುವಿಗೆ ನರಗುಂದದ ಭಾವೆ ಮನೆತನದ ದೇಸಾಯಿ ಮಣಿಯಲಿಲ್ಲ, 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ನರಗುಂದದಲ್ಲಿ ಹೊತ್ತಿದ ಜಗಳ ಗಜೇಂದ್ರಗಡದಲ್ಲಿ ಆರಿತು. ಶಾಲೆಯ ಪಾಠದಲ್ಲಿ ಈ ಎರಡು ಊರುಗಳ ಹೆಸರು ಒಂದೊಂದು ಸಾಲಿನಲ್ಲಿ ಬಂದು ಹೋಗುತ್ತವೆ. ಇಲ್ಲಿನ ಮಕ್ಕಳಿಗಾದರೂ ಅದನ್ನು ಬಿಡಿಸಿ ಹೇಳಬೇಕು.

ಇಟಗಿಯ ಮಹಾದೇವ ಗುಡಿ ನೋಡಲೆಂದು ಹೊರಟೆವು. ಕೇಳಿದವರೆಲ್ಲ “ಇಟಗಿ ಭೀಮವ್ವನ ಗುಡಿಯಾ?” ಎಂದು ಕೇಳಿ ದಾರಿ ತೋರಿಸಿದರು. ಎರಡೂ ಒಂದೆಯೇ?
— ದಂಪತಿ, ದಾವಣಗೆರೆ

ಎರಡು ಇಟಗಿಗಳಿವೆ. ಒಂದು ಗದಗ ಜಿಲ್ಲೆಯದು, ಮೊದಲಿನ ರೋಣ ತಾಲ್ಲೂಕಿನ ಇಟಗಿ. ಅದು ಶರಣೆ ಭೀಮಾಂಬಿಕೆಯ ಊರು, ಭಕ್ತರ ಬಾಯಲ್ಲಿ ಇಟಗಿ ಭೀಮವ್ವ. ಇನ್ನೊಂದು ಕೊಪ್ಪಳ ಜಿಲ್ಲೆಯಲ್ಲಿ ಕುಕನೂರಿನ ಹತ್ತಿರ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ “ದೇವಾಲಯ ಚಕ್ರವರ್ತಿ” ಎಂದು ಕರೆದ ಗುಡಿ ಅಲ್ಲಿಯದು. ದಾರಿ ಕೇಳುವಾಗ “ಕುಕನೂರ ಇಟಗಿ” ಅನ್ನಿ, ಯಾರೂ ತಪ್ಪು ತೋರಿಸುವುದಿಲ್ಲ. ನಮ್ಮ ಸೀಮೆಯ ನರೇಗಲ್ಲಿನದೂ ಇದೇ ತೊಡಕು. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಇನ್ನೊಂದು ನರೇಗಲ್ಲಿದೆ.

ನಮ್ಮ ನರಗುಂದದ ಗುಡ್ಡವನ್ನು ನಾವು ಗೆಳೆಯರು ಬೆಳಿಗ್ಗೆ ಹತ್ತುತ್ತೇವೆ. ಬಾಟಲಿ, ಪ್ಲಾಸ್ಟಿಕ್ ನೋಡಿ ಬೇಸರವಾಗುತ್ತದೆ. ಬಾಬಾಸಾಹೇಬರ ಕೋಟೆ ಎಂದಷ್ಟೇ ನಮಗೆ ಗೊತ್ತು. ಈ ಗುಡ್ಡದ ಬಗ್ಗೆ ಹೇಳಿ. ನಾವು ಏನು ಮಾಡಬಹುದು?
— ಪದವಿ ವಿದ್ಯಾರ್ಥಿ, ನರಗುಂದ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಳಗಿನ ವ್ಯಾಯಾಮಕ್ಕೆ ಎಂದು ಹತ್ತುವ ಹುಡುಗರು ಗುಡ್ಡದ ಕಥೆ ಕೇಳುತ್ತಿದ್ದೀರಿ ಎಂದರೆ ಆ ಗುಡ್ಡಕ್ಕೆ ಒಳ್ಳೆಯ ದಿನ ಬಂದ ಹಾಗೆ.

ಸುತ್ತಲೂ ಮಟ್ಟಸವಾದ ಎರಿ ಭೂಮಿ, ನಡುವೆ ಒಂದೇ ಗುಡ್ಡ. ಕೋಟೆ ಕಟ್ಟುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಯಾವ ದಿಕ್ಕಿನಿಂದ ದಂಡು ಬಂದರೂ ಮೇಲಿದ್ದವನ ಕಣ್ಣಿಗೆ ಮೊದಲೇ ಬೀಳುತ್ತದೆ. 1674ರಲ್ಲಿ ಶಿವಾಜಿ ಇಲ್ಲಿ ಕೋಟೆ ಕಟ್ಟಿಸಿದ ಎನ್ನುತ್ತಾರೆ. ಮುಂದೆ ಭಾವೆ ಮನೆತನ ಸಂಸ್ಥಾನ ಆಳಿತು. ಆ ಮನೆತನದ ಕೊನೆಯ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಗಂಡು ಸಂತಾನ ಉಳಿಯಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಲಿಲ್ಲ. ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬೇರೆ ಬಂತು. 1858ರ ಮೇ ಕೊನೆಯಲ್ಲಿ ಬಾಬಾಸಾಹೇಬ ತಿರುಗಿ ಬಿದ್ದ. ಮುಂಡರಗಿಯ ಭೀಮರಾಯನೂ ಅದೇ ದಿನಗಳಲ್ಲಿ ಎದ್ದಿದ್ದ.

ಮೇ 29ರ ರಾತ್ರಿ ರಾಮದುರ್ಗದ ಕಡೆಯ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಸತ್ತ. ಅವನ ರುಂಡವನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಧಾರವಾಡದಿಂದ ಬಂದ ಸೈನ್ಯ ಜೂನ್ ಮೊದಲ ದಿನಗಳಲ್ಲೇ ಊರನ್ನೂ ಕೋಟೆಯನ್ನೂ ಹಿಡಿಯಿತು. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ಸೆರೆ ಸಿಕ್ಕ, ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ದೊರೆಯ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು ಇಂದಿಗೂ ಹೇಳುತ್ತಾರೆ. ಎಲ್ಲ ಸೇರಿ ಎರಡು ವಾರದಲ್ಲಿ ಮುಗಿದ ಬಂಡಾಯ. ಗುಡ್ಡದ ಮೇಲೆ ಅಳಿದುಳಿದ ಗೋಡೆಯ ಕಲ್ಲುಗಳ ಹತ್ತಿರ ನಿಂತಾಗ ಇಷ್ಟು ನೆನಪಿರಲಿ.

ನರಗುಂದದ ಮಾತು 1858ಕ್ಕೆ ನಿಲ್ಲುವುದಿಲ್ಲ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಬಂತು. ಹೊಲಕ್ಕೆ ನೀರು ಸರಿಯಾಗಿ ಹರಿಯುವ ಮೊದಲೇ ಅಭಿವೃದ್ಧಿ ಕರದ ನೋಟಿಸು ರೈತರ ಮನೆಗೆ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಪ್ರಾಣಗಳು ಹೋದವು. ನರಗುಂದದಲ್ಲಿ ಮಡಿದವರು ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ. ಕರ್ನಾಟಕದ ರೈತ ಚಳವಳಿ ಎದ್ದು ನಿಂತದ್ದು ಆ ದಿನದಿಂದ. ಪ್ರತಿವರ್ಷ ಜುಲೈ 21ರಂದು ಹುತಾತ್ಮ ರೈತರ ಸ್ಮಾರಕಕ್ಕೆ ನಾಡಿನ ಮೂಲೆ ಮೂಲೆಯಿಂದ ರೈತರು ಬರುತ್ತಾರೆ. 2015ರಲ್ಲಿ ಮಹದಾಯಿ ನೀರಿಗಾಗಿ ಆರಂಭವಾದ ಧರಣಿಗೂ ನರಗುಂದವೇ ನೆಲೆ. ಗುಡ್ಡ ಹತ್ತುವ ಗೆಳೆಯರು ಇಳಿದ ಮೇಲೆ ಒಂದು ದಿನ ಆ ಸ್ಮಾರಕದ ಮುಂದೆಯೂ ನಿಲ್ಲಬೇಕು ಎಂಬುದು ನನ್ನ ಕೋರಿಕೆ.

ಇನ್ನು, ಏನು ಮಾಡಬಹುದು? ಹತ್ತುವಾಗ ಒಬ್ಬೊಬ್ಬರು ಒಂದೊಂದು ಗೊಬ್ಬರದ ಖಾಲಿ ಚೀಲ ಒಯ್ಯಿರಿ. ಇಳಿಯುವಾಗ ತುಂಬಿಸಿ ತಂದು ಪುರಸಭೆಯ ಕಸದ ಗಾಡಿಗೆ ಕೊಡಿ. ಒಡೆದ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುಖ್ಯವಾಗಿ, ಸಂಜೆಯೂ ಹೋಗಿ. ಹೆಂಗಸರು, ಮಕ್ಕಳು, ವಯಸ್ಸಾದವರು ಸಂಜೆ ಹತ್ತಿ ಕೂರುವಂತಾದರೆ ಕುಡಿಯುವವರು ತಾವಾಗಿ ಬೇರೆ ಜಾಗ ಹುಡುಕಿಕೊಳ್ಳುತ್ತಾರೆ. ಫಲಕ ನೆಟ್ಟು, ಬೇಲಿ ಹಾಕಿ ಗುಡ್ಡ ಉಳಿದದ್ದನ್ನು ನಾನು ಎಲ್ಲಿಯೂ ಕಾಣೆ. ಜನರ ಓಡಾಟದಿಂದ ಉಳಿದದ್ದನ್ನು ಕಂಡಿದ್ದೇನೆ.

ಈ ಭಾಗಕ್ಕೆ ಬರಲು ಯಾವ ತಿಂಗಳು ಒಳ್ಳೆಯದು? ಊಟಕ್ಕೆ ಏನು ವಿಶೇಷ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಡಿಸೆಂಬರ್, ಜನವರಿ. ಎರಡನೇ ಮಾತಿಲ್ಲ.

ಆ ಹೊತ್ತಿಗೆ ಹಿಂಗಾರಿ ಬಿಳಿಜೋಳ ತೆನೆಗಟ್ಟಿ ಎದೆಯೆತ್ತರ ನಿಂತಿರುತ್ತದೆ. ಕಡಲೆ ಕಾಯಿ ಹಿಡಿದಿರುತ್ತದೆ, ಕುಸುಬೆ ಹೂವಾಗಿರುತ್ತದೆ. ಹಾಲುಗಾಳಿನ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಡುತ್ತಾರೆ. ಅದೇ ಸೀತನಿ. ಅದರ ಜೊತೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ತೆನೆ ಒಂದು ವಾರ ಬಲಿತರೂ ಆ ರುಚಿ ಹೋಯಿತು. ಅದಕ್ಕೇ ಸೀತನಿಯನ್ನು ಯಾವ ಹೋಟೆಲೂ ಮಾರಲಾರದು, ಹೊಲದವರ ಪರಿಚಯವೇ ಬೇಕು. ಹಸಿ ಕಡಲೆ ಗಿಡವನ್ನೇ ಸುಟ್ಟು ಬಿಡಿಸುವ ಸುಲಗಾಯಿಯೂ ಆಗಲೇ ಸಿಗುವುದು. ಎಳ್ಳ ಅಮಾವಾಸ್ಯೆಯಂದು ಯಾರಾದರೂ ಚರಗ ಚೆಲ್ಲಲು ಹೊಲಕ್ಕೆ ಕರೆದರೆ ಬೇರೆ ಕೆಲಸ ಬಿಟ್ಟು ಹೋಗಿ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ ಬುತ್ತಿಗಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಮೊದಲ ತುತ್ತು ಭೂಮಿತಾಯಿಗೆ, ಆಮೇಲೆ ಉಳಿದವರಿಗೆ. ನಮ್ಮ ಸೀಮೆಯ ನಿಜವಾದ ವನಭೋಜನ ಇದು.

ಪೇಟೆಯಲ್ಲಿ ಸಂಜೆ ಮಿರ್ಚಿ, ಗಿರಮಿಟ್ ಎಲ್ಲಿ ಬೇಕಾದರೂ ಸಿಗುತ್ತವೆ. ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿ ಬರುವವರು ನರಗುಂದ ದಾಟಿ ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ ಪೇರಲ ಕೊಳ್ಳಿ. 2019ರ ಪ್ರವಾಹ ಈ ದಂಡೆಯ ಊರುಗಳನ್ನೂ ತೋಟಗಳನ್ನೂ ನುಂಗಿತ್ತು. ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರೊಡನೆ ಚೌಕಾಸಿ ಬೇಡ.

ಜುಲೈ, ಆಗಸ್ಟಿನಲ್ಲೂ ಹೆಸರು ಬೆಳೆದು ನೆಲವೆಲ್ಲ ಹಸಿರಾಗಿರುತ್ತದೆ. ಆದರೆ ಮಳೆ ಬಿದ್ದ ಎರಿ ಮಣ್ಣಿನ ದಾರಿಗೆ ಕಾರು ಇಳಿಸಬೇಡಿ. ಟ್ರ್ಯಾಕ್ಟರ್ ಬರುವ ತನಕ ಅಲ್ಲೇ ಇರಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲು ಕರಾವಳಿಯವರಿಗೆ ಆಗಿಬರುವುದಿಲ್ಲ.

ನಮ್ಮ ಹೊಲಕ್ಕೆ ಚಿಗರಿ ಹಿಂಡು ಬೀಳುತ್ತವೆ, ಕಡಲೆ ಉಳಿಯುವುದಿಲ್ಲ. ಅವನ್ನು ನೋಡಲು ಕ್ಯಾಮೆರಾ ಹಿಡಿದು ಕೆಲವರು ಬರುತ್ತಾರೆ, ಹೊಲ ತುಳಿಯುತ್ತಾರೆ. ನಮಗೆ ಹಾನಿ, ಅವರಿಗೆ ಮೋಜು. ಇದು ನ್ಯಾಯವೇ?
— ರೈತ, ಅಬ್ಬಿಗೇರಿ

ನ್ಯಾಯವಲ್ಲ. ನಿಮ್ಮ ಸಿಟ್ಟು ಸರಿಯಾಗಿದೆ.

ಚಿಗರಿ ಅಂದರೆ ಕೃಷ್ಣಮೃಗ ಬಯಲಿನ ಪ್ರಾಣಿ. ದಟ್ಟ ಕಾಡು ಅದಕ್ಕೆ ಬೇಡ. ಹುಲ್ಲುಗಾವಲು ಇದ್ದಾಗ ಅಲ್ಲೇ ಮೇಯುತ್ತಿತ್ತು. ಗಾಯರಾಣ, ಹುಲ್ಲುಬಯಲು ಉಳುಮೆಗೆ ಬಂದ ಮೇಲೆ ಅದಕ್ಕೆ ಉಳಿದದ್ದು ನಿಮ್ಮ ಕಡಲೆ, ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಮೊದಲನೇ ಅನುಸೂಚಿಯ ಪ್ರಾಣಿ. ಕೊಂದರೆ, ಹಿಡಿದರೆ ಜೈಲು ಶಿಕ್ಷೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ನಿಮಗೆ ಹಕ್ಕಿದೆ. ಹಾನಿಯಾದ ಕೂಡಲೇ ಫೋಟೊ ತೆಗೆದಿಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ತಡಮಾಡಿದರೆ ಸ್ಥಳ ತನಿಖೆಗೆ ಬಂದವರಿಗೆ ತೋರಿಸಲು ಗುರುತೇ ಉಳಿಯುವುದಿಲ್ಲ. ಊರಿನ ಎಲ್ಲ ರೈತರೂ ಸೇರಿ ಕೊಟ್ಟರೆ ಬೇಗ ಕೆಲಸವಾಗುತ್ತದೆ.

ನೋಡಲು ಬರುವವರಿಗೆ ನನ್ನ ಮಾತು ಇಷ್ಟೇ. ರಸ್ತೆ, ಬಂಡಿದಾರಿ ಬಿಟ್ಟು ಹೊಲಕ್ಕೆ ಕಾಲಿಡಬೇಡಿ. ಬೈಕಿನಲ್ಲಿ ಹಿಂಡನ್ನು ಬೆನ್ನಟ್ಟುವುದು ಅಪರಾಧ. ಬಸುರಿ ಚಿಗರಿ ಓಡಿ ಓಡಿ ಸತ್ತೇ ಹೋಗಬಹುದು. ಹೊಲದವರು ಕಂಡರೆ ಮೊದಲು ಮಾತಾಡಿಸಿ, ಅವರ ನಷ್ಟ ಕೇಳಿ. ನಿಮ್ಮ ಚಿತ್ರದ ಹಿಂದೆ ಒಂದು ಕುಟುಂಬದ ಕಡಲೆಯ ಫಸಲಿದೆ. ಚಳಿಗಾಲದಲ್ಲಿ ದೂರದ ಉತ್ತರದಿಂದ ಬರುವ ಸೆಳೆವ ಹಕ್ಕಿಗಳು ಈ ಬಯಲಿನ ಮೇಲೆ ತೀರ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ ಹುಡುಕುತ್ತವೆ. ಅವನ್ನು ರಸ್ತೆಯ ಬದಿಯಲ್ಲಿ ನಿಂತೇ ಮನಸಾರೆ ನೋಡಬಹುದು, ಯಾರ ಹೊಲವನ್ನೂ ತುಳಿಯಬೇಕಿಲ್ಲ. ನೀರಹಕ್ಕಿಗಳ ಆಸೆ ಇದ್ದವರು ಶಿರಹಟ್ಟಿಯ ಕಡೆಯ ಮಾಗಡಿ ಕೆರೆಗೆ ಹೋಗಲಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ.

ಗಜೇಂದ್ರಗಡದಿಂದ ನೆನಪಿಗೆ ಏನು ತರಬಹುದು?
— ಕಾಲೇಜು ಉಪನ್ಯಾಸಕಿ, ಮೈಸೂರು

ಪಟ್ಟೇದ ಅಂಚು ಸೀರೆ. ಹತ್ತಿ ನೂಲಿನ, ಚೌಕಡಿಯ, ಅಗಲ ಅಂಚಿನ ಕೈಮಗ್ಗದ ಸೀರೆ. ಎರಡೂ ಮಗ್ಗುಲು ಉಡಬಹುದು. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸುವ ವಾಡಿಕೆ ಇತ್ತು. ನೇಯುವುದು ಹೆಚ್ಚುಕಡಿಮೆ ನಿಂತೇ ಹೋಗಿ, ಈಚಿನ ವರ್ಷಗಳಲ್ಲಿ ಮತ್ತೆ ಜೀವ ಪಡೆದಿದೆ. ನೇಕಾರರ ಓಣಿಗೆ ಹೋಗಿ ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ಅಲ್ಲೇ ಕೊಳ್ಳಿ. ಪವರ್‌ಲೂಮ್‌ನದೋ ಕೈಮಗ್ಗದ್ದೋ ಎಂದು ಕೇಳಲು ಸಂಕೋಚ ಬೇಡ.

ನಾನು ನರೇಗಲ್ಲ ಭಾಗದ ಸರ್ಕಾರಿ ಶಾಲೆಯ ಶಿಕ್ಷಕಿ. ಮಕ್ಕಳಲ್ಲಿ ಪ್ರವಾಸಕ್ಕೆ ದುಡ್ಡು ಕೊಡುವ ಶಕ್ತಿ ಇಲ್ಲ. ಒಂದು ದಿನದಲ್ಲಿ, ಕಡಿಮೆ ಖರ್ಚಿನಲ್ಲಿ ಏನು ತೋರಿಸಬಹುದು?

ಟೀಚರ್, ನಿಮ್ಮ ಊರಲ್ಲೇ ಶುರುಮಾಡಿ. ರಾಷ್ಟ್ರಕೂಟರ ಕಾಲದ ಗುಡಿಗಳಲ್ಲಿ ಕರ್ನಾಟಕದಲ್ಲೇ ದೊಡ್ಡದು ಎಂದು ಹೇಳುವ ನಾರಾಯಣ ಗುಡಿ ನರೇಗಲ್ಲಿನಲ್ಲಿದೆ. ಮೂಲದಲ್ಲಿ ಅದು ಬಸದಿ. ಗಂಗ ದೊರೆ ಬೂತುಗನ ರಾಣಿ ಪದ್ಮಬ್ಬರಸಿ 10ನೇ ಶತಮಾನದಲ್ಲಿ ಕಟ್ಟಿಸಿದ್ದು. ಮಕ್ಕಳು ಗೋಡೆಯನ್ನು ಹೆಜ್ಜೆಯಲ್ಲಿ ಅಳೆಯಲಿ, ಕಂಬ ಎಣಿಸಲಿ. ಬಸ್ಸಿನ ಖರ್ಚಿಲ್ಲದೆ ಅರ್ಧ ದಿನದ ಪಾಠ ಆಗುತ್ತದೆ.

ಪಕ್ಕದ ಜಕ್ಕಲಿ ಏಕೀಕರಣ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರು. ನವೆಂಬರ್ ಒಂದಕ್ಕೆ ಶಾಲೆಯಲ್ಲಿ ಧ್ವಜ ಹಾರಿಸಿ ಮುಗಿಸುವ ಬದಲು ಒಂದು ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕರ್ನಾಟಕ ಒಂದಾಗಲಿ ಎಂದು ದುಡಿದವರಲ್ಲಿ ತಮ್ಮ ನೆರೆಯೂರಿನವರೂ ಇದ್ದರು ಎಂದು ಅವರಿಗೆ ಗೊತ್ತಾಗಲಿ.

ವಾಹನ ಸಿಕ್ಕರೆ ರೋಣದ ಕಡೆಯ ಸವಡಿಗೆ ಹೋಗಿ. ಅಲ್ಲೂ ರಾಷ್ಟ್ರಕೂಟರ ಕಾಲದ ಗುಡಿಗಳಿವೆ. 1031ರ ಹೊತ್ತಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿಯವನು. ಆ ಸಯ್ಯಡಿಯೇ ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಿಂಹ-ಎತ್ತಿನ ಕಥೆ, ಮಂಗ-ಮೊಸಳೆಯ ಕಥೆ ಮಕ್ಕಳಿಗೆ ಗೊತ್ತೇ ಇರುತ್ತವೆ. ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಸಾವಿರ ವರ್ಷದ ಹಿಂದೆ ಇಂಥ ಕಥೆಗಳನ್ನು ಕನ್ನಡಕ್ಕೆ ತಂದವನು ಈ ಊರಿನವನು ಎಂದು ಹೇಳಿ, ಒಬ್ಬೊಬ್ಬರಿಂದ ಒಂದೊಂದು ಕಥೆ ಹೇಳಿಸಿ. ಬುತ್ತಿ ಅಲ್ಲೇ ಬಿಚ್ಚಿಸಿ. ಬಾದಾಮಿಗೆ ಬಸ್ಸು ಮಾಡಿದ ಶಾಲೆಯ ಮಕ್ಕಳಿಗಿಂತ ನಿಮ್ಮ ಮಕ್ಕಳು ಕಡಿಮೆ ನೋಡಿದಂತೆ ಆಗುವುದಿಲ್ಲ.

ನಮ್ಮೂರಿನ ಹಳೆಯ ಗುಡಿಗೆ ಒತ್ತಿ ಮನೆ ಕಟ್ಟುತ್ತಿದ್ದಾರೆ, ಅಂಗಳದಲ್ಲಿ ತಿಪ್ಪೆ ಹಾಕುತ್ತಾರೆ. ಯಾರಿಗೆ ಹೇಳಬೇಕು? ಹೇಳಿದರೆ ಊರವರ ವಿರೋಧ ಕಟ್ಟಿಕೊಂಡಂತೆ ಆಗುತ್ತದೆ.
— ಹೆಸರು ಬೇಡ, ರೋಣ ತಾಲ್ಲೂಕು

ಮೊದಲು ಆ ಗುಡಿ ಯಾರ ಸಂರಕ್ಷಣೆಯಲ್ಲಿದೆ ತಿಳಿದುಕೊಳ್ಳಿ. ನೀಲಿ ಫಲಕವಿದ್ದರೆ ಅದನ್ನು ಓದಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾದರೆ ಧಾರವಾಡ ವೃತ್ತ ಕಚೇರಿಗೆ ಬರೆಯಿರಿ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಅದರಾಚೆ ಮತ್ತೆ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ರಾಜ್ಯ ಸರ್ಕಾರದ ಸಂರಕ್ಷಣೆಯದಾದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ. ಯಾವುದೂ ಅಲ್ಲದ ಗುಡಿಗಳು ನಮ್ಮ ಸೀಮೆಯಲ್ಲಿ ಬಹಳ ಇವೆ, ಅವುಗಳ ಹೊಣೆ ಗ್ರಾಮ ಪಂಚಾಯಿತಿಯ ಮೇಲೆಯೇ ಬೀಳುತ್ತದೆ.

ಆದರೆ ಅರ್ಜಿಗೆ ಮೊದಲು ತಿಪ್ಪೆ ಹಾಕುವವರ ಮನೆಗೆ ಹೋಗಿ ಮಾತಾಡಿ. ಅವರಿಗೆ ಬೇರೆ ಜಾಗವಿಲ್ಲದೆ ಇರಬಹುದು. ಪಂಚಾಯಿತಿಯಿಂದ ತಿಪ್ಪೆಗೆ ಒಂದು ಗುಂಡಿ, ಒಂದು ಜಾಗ ಕೊಡಿಸುವ ಮಾತೆತ್ತಿದರೆ ವಿರೋಧ ಅರ್ಧ ಇಳಿಯುತ್ತದೆ. ಗ್ರಾಮಸಭೆಯಲ್ಲಿ ವಿಷಯವನ್ನು ನಡಾವಳಿಗೆ ಬರೆಸಿ. ನಡಾವಳಿಯಲ್ಲಿ ಬಂದ ಮಾತಿಗೆ ಯಾರೂ ನಿಮ್ಮೊಬ್ಬರನ್ನೇ ಬೊಟ್ಟು ಮಾಡಲಾರರು. ಶಾಸನದ ಕಲ್ಲು ಮಣ್ಣಲ್ಲಿ ಹೂತಿದ್ದರೆ ನೀವಾಗಿ ಕೀಳಬೇಡಿ, ಬಣ್ಣ ಬಳಿಯಲು ಬಿಡಬೇಡಿ, ಇದ್ದ ಹಾಗೆಯೇ ಫೋಟೊ ತೆಗೆದು ಇಲಾಖೆಗೆ ಕಳಿಸಿ.

ನಿಮ್ಮ ತಾಲ್ಲೂಕಿನ ಬೇರೆ ಊರುಗಳಲ್ಲೂ ಇಂಥ ಗುಡಿ, ಹೊಂಡ, ವೀರಗಲ್ಲು ಕಂಡಿದ್ದರೆ ಊರಿನ ಹೆಸರು, ಇರುವ ಜಾಗ, ಈಗಿನ ಸ್ಥಿತಿ ಬರೆದು, ಒಂದು ಫೋಟೊ ಇಟ್ಟು ಈ ಅಂಕಣಕ್ಕೆ ಕಳಿಸಿ. ಮೂರೂ ತಾಲ್ಲೂಕುಗಳ ಓದುಗರಿಗೆ ಇದೇ ನನ್ನ ವಿನಂತಿ.